ಮೊದಲು ಗಂಡಿನ ಪರೀಕ್ಷೆ

ನಮ್ಮ ಸಾಹೇಬರು ತೀರಿಕೊಂಡ ಸುದ್ದಿ ಬಂದಾಗ ನಾನು ಅಮರಗೋಳದ ಒಂದು ಹಿತ್ತಲಲ್ಲಿ, ಎಮ್ಮೆಯೊಂದರ ಹಿಂದೆ ಭುಜದ ತನಕ ಕೈ ಹಾಕಿಕೊಂಡು ನಿಂತಿದ್ದೆ. ಅದು ಗಬ್ಬ ನಿಂತಿದೆಯೋ ಇಲ್ಲವೋ ನೋಡಬೇಕಿತ್ತು. ಏಪ್ರನ್ನಿನ ಕಿಸೆಯಲ್ಲಿದ್ದ ಫೋನು ಹೊಡೆದುಕೊಂಡಿತು. ಎಮ್ಮೆಯ ಯಜಮಾನ ಅದನ್ನು ತೆಗೆದು ನನ್ನ ಕಿವಿಗೆ ಹಿಡಿದ. ಆ ಕಡೆ ನಮ್ಮ ದವಾಖಾನೆಯ ಕಂಪೌಂಡರ್.

"ಸಾಹೇಬ್ರು ಹೋದ್ರಂತ್ರಿ ಮೇಡಂ. ಮುಂಜಾನೆ ಚಹಾ ಕುಡಕೋತ ಕುಂತವ್ರು ಹಂಗ ಉರುಳಿದ್ರಂತ."

ಕೈ ಹೊರಗೆ ತೆಗೆಯಬೇಕೋ ಬೇಡವೋ ಒಂದು ಕ್ಷಣ ತಿಳಿಯಲಿಲ್ಲ. ಸಾಹೇಬರೇ ಅಲ್ಲಿದ್ದಿದ್ದರೆ, "ಮೊದಲ ಎಮ್ಮೀದು ಮುಗಸವಾ, ನಾ ಇನ್ನ ಎಲ್ಲೂ ಹೋಗೂದಿಲ್ಲ" ಅನ್ನುತ್ತಿದ್ದರು. ಹಾಗಾಗಿ ಮುಗಿಸಿದೆ. "ಮೂರು ತಿಂಗಳು" ಎಂದು ಯಜಮಾನನಿಗೆ ಹೇಳಿದೆ. ಕೈ ತೊಳೆದುಕೊಂಡೆ. ಆಮೇಲೆ ಅವರ ಗೋದಲಿಯ ಕಟ್ಟೆಯ ಮೇಲೆ ಕುಳಿತು ಅತ್ತೆ. ಎಮ್ಮೆಗೆ ಏನೋ ಆಗಿದೆ ಎಂದುಕೊಂಡು ಆ ಮನುಷ್ಯ ಗಾಬರಿಯಾದ.

ಸಾಹೇಬರು ಹುಬ್ಬಳ್ಳಿಯಲ್ಲಿ ದನದ ಡಾಕ್ಟರಾಗಿದ್ದವರು. ನಿವೃತ್ತರಾಗಿ ಆರು ವರ್ಷವಾಗಿತ್ತು. ಅದಕ್ಕೂ ಮೊದಲಿನ ಐದು ವರ್ಷ ನಾನು ಅವರ ಕೈಕೆಳಗೆ ಕೆಲಸ ಮಾಡಿದೆ. ಎತ್ತರದ ಒಣಕಲು ಮೈ, ಮೂಗಿನ ತುದಿಗೆ ಜಾರಿದ ಚಷ್ಮಾ, ಇಸ್ತ್ರಿ ಕೆಡದ ಬಿಳಿ ಅಂಗಿ. ದೂರದಿಂದ ನೋಡಿದರೆ ಸಂಸ್ಕೃತ ಮಾಸ್ತರರು. ಮನೆ ಧಾರವಾಡದಲ್ಲಿ. ತಂದೆ ಹೆಡ್‌ಮಾಸ್ತರರಾಗಿದ್ದವರು, ತಾಯಿ ಮಡಿ ಮೈಲಿಗೆಯವರು, ಹೆಂಡತಿ ಓಣಿಯ ಮಕ್ಕಳಿಗೆ ಹಾಡು ಕಲಿಸುವವರು. ಸಾಹೇಬರಿಗೂ ಸಣ್ಣವರಿದ್ದಾಗ ಹಾರ್ಮೋನಿಯಂ ಕಲಿಸಲು ಹಾಕಿದ್ದರಂತೆ. "ನಾಕ ವರ್ಷ ಬಾರಸಿದೆ, ಮಾಸ್ತರ ಅಳಲಿಕ್ಕೆ ಹತ್ತಿದ್ರು. ಹಾರ್ಮೋನಿಯಂ ಬಿಟ್ಟು ಹಾರ್ಮೋನಿಗೆ ಬಂದೆ" ಎಂದು ಹೇಳುತ್ತಿದ್ದರು.

ಬಾಯಿ ಬಿಟ್ಟರೆ ಮಾತ್ರ ಬೇರೆಯೇ ಮನುಷ್ಯ. ಕೆಟ್ಟ ಮಾತು ಆಡುತ್ತಿರಲಿಲ್ಲ. ಧಾರವಾಡದ ತಿದ್ದಿದ ಕನ್ನಡದಲ್ಲಿ, ಅವಲಕ್ಕಿಗೆ ಒಗ್ಗರಣೆ ಹಾಕುವ ಬಗೆ ಹೇಳಿದಷ್ಟು ನಿರುಮ್ಮಳವಾಗಿ, ಉಳಿದವರು ಪಿಸುಗುಡುವ ಸಂಗತಿಗಳನ್ನು ಹೇಳುತ್ತಿದ್ದರು. ಕೇಳುವವರು ನೆಲ ನೋಡಬೇಕು, ಇಲ್ಲವೆ ನಗಬೇಕು.

ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಒಬ್ಬ ರೈತ ನನ್ನನ್ನು ನೋಡಿ, "ಹೆಣಮಗಳ ಕೈಯಾಗ ನಮ್ಮ ಎಮ್ಮಿ ತೋರಸೂದಿಲ್ರಿ" ಎಂದ. ಸಾಹೇಬರು ತಮ್ಮ ಅಂಗೈಯನ್ನು ನನ್ನ ಅಂಗೈ ಪಕ್ಕ ಹಿಡಿದು ತೋರಿಸಿದರು.

"ನಂದು ನೋಡ್ರಿ, ಸಲಿಕಿ ಇದ್ದಂಗದ. ಆಕೀದು ನೋಡ್ರಿ. ನಿಮಗ ಯಾರ ಕೈ ಬೇಕು ಅನ್ನೂದಲ್ಲ. ಎಮ್ಮಿನ್ನ ಕೇಳ್ರಿ, ಯಾರ ಕೈ ಬೇಕಂತ."

ರೈತ ಎಮ್ಮೆಯನ್ನು ಕೇಳಲಿಲ್ಲ. ಹಗ್ಗ ನನ್ನ ಕೈಗೆ ಕೊಟ್ಟ.

ನನಗೆ ಆಕಳು, ಎಮ್ಮೆ, ಆಡು ಗೊತ್ತಿದ್ದವು. ಕುದುರೆ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಓದಿದ್ದೆ ಅಷ್ಟೆ. ಅದನ್ನು ಅವರಿಗೆ ಹೇಳಿದ ದಿನವೇ ದವಾಖಾನೆಯ ಪಡಸಾಲೆಯಲ್ಲಿ ಪಾಠ ಸುರುವಾಯಿತು. ಕಂಪೌಂಡರ್, ಜವಾನ, ಆಡಿಗೆ ಜಂತಿನ ಔಷಧ ಕುಡಿಸಲು ಬಂದಿದ್ದ ಇಬ್ಬರು ಮುದುಕಿಯರು, ಎಲ್ಲರೂ ಕೇಳುತ್ತಿದ್ದರು.

"ಆಕಳು ಒಂದ ದಿನದಾಗ ಮುಗಸ್ತದ. ಕುದುರಿ ಹಂಗಲ್ಲ, ಅದು ವಾರಗಟ್ಲೆ ವಿಚಾರ ಮಾಡ್ತದ. ಇಪ್ಪತ್ತೊಂದು ದಿವಸಕ್ಕೊಮ್ಮೆ ಬೆದಿಗೆ ಬರ್ತದ. ಬಂದದ್ದು ಐದಾರು ದಿವಸ ಇರ್ತದ. ಆದ್ರ ತತ್ತಿ ಬಿಡೂದು ಕಡೀ ಒಂದೆರಡು ದಿವಸದಾಗ. ಮೊದಲನೇ ದಿನಾನ ಗಂಡ ಕುದುರಿ ತಂದು ನಿಲ್ಲಿಸಿದ್ರ ಅದು ಒದಿ ತಿಂದು ಮನಿಗೆ ಹೋಗ್ತದ. ಮೂರನೇ ದಿನಕ್ಕ ಒಮ್ಮೆ ಕೂಡಸು, ದಿನಾ ಬಿಟ್ಟು ದಿನಾ ಕೂಡಸು, ಆಕಿ ಬ್ಯಾಡನ್ನೂ ತನಕ."

"ಬ್ಯಾಡಂತ ಹೆಂಗ ಹೇಳತೈತ್ರೀ?" ಎಂದು ಮುದುಕಿಯೊಬ್ಬಳು ಕೇಳಿದಳು.

"ನೀವು ಹೆಂಗ ಹೇಳ್ತಿದ್ರಿ ಹಂಗ. ಕಿವಿ ಹಿಂದಕ್ಕ ಒತ್ತಿ, ಚೀರಿ, ಒದ್ದು."

ಆ ಮುದುಕಿ ಸೆರಗು ಬಾಯಿಗೊತ್ತಿ ಎಷ್ಟು ನಕ್ಕಳೆಂದರೆ ಅವಳ ಆಡು ಹಗ್ಗ ಬಿಡಿಸಿಕೊಂಡು ಓಡಿತು. ಜವಾನ ಬೆನ್ನು ಹತ್ತಿದ. ಪಾಠ ಮುಂದುವರಿಯಿತು. ಹಗಲು ದೊಡ್ಡದಾದಂತೆ ಹೆಣ್ಣು ಕುದುರೆಗೆ ಮನಸ್ಸಾಗುತ್ತದೆ, ಚಳಿಗಾಲದಲ್ಲಿ ಸಂನ್ಯಾಸ. "ನಮ್ಮ ಕಡೆ ಚಳಿಗಾಲಾನೂ ಅಷ್ಟಕ್ಕಷ್ಟ, ಅದಕ್ಕ ಸಂನ್ಯಾಸಾನೂ ಅಷ್ಟಕ್ಕಷ್ಟ." ಬಸಿರು ಹನ್ನೊಂದು ತಿಂಗಳು. ಹೆತ್ತ ಒಂಬತ್ತನೆಯ ದಿನದ ಹೊತ್ತಿಗೆ ಮತ್ತೆ ಬೆದೆ. ಗಂಡು ಕುದುರೆ ಹೆಣ್ಣಿನ ಮೂತ್ರ ಮೂಸಿ ಮೇಲ್ದುಟಿಯನ್ನು ಮೂಗಿನ ಮೇಲಕ್ಕೆ ಮಡಚುತ್ತದೆ ಎನ್ನುವುದನ್ನು ಸಾಹೇಬರು ಬಾಯಿಂದ ಹೇಳಲಿಲ್ಲ, ಮಾಡಿ ತೋರಿಸಿದರು. ಕತ್ತು ಎತ್ತಿ, ಕಣ್ಣು ಅರ್ಧ ಮುಚ್ಚಿ, ತುಟಿ ಮಡಚಿದರು. ಚಷ್ಮಾ ಜಾರಿ ಕೆಳಗೆ ಬಿತ್ತು. ಇದನ್ನೇ ಅವರು ಚಹಾದಂಗಡಿಯಲ್ಲೂ ಒಮ್ಮೆ ಮಾಡಿದ್ದರು. ಅಂಗಡಿಯವನು ಚಹಾ ಕೆಟ್ಟಿದೆ ಎಂದುಕೊಂಡು ಬೇರೆ ತಂದುಕೊಟ್ಟ.

ಗಂಗವ್ವ ಅವರಿಗೆ ಪರಿಚಯವಾದದ್ದು ಗೋಪನಕೊಪ್ಪದ ಒಂದು ಮದುವೆಯಲ್ಲಿ. ಗಂಗವ್ವ ಗಂಡನಿಲ್ಲದವಳು. ಎರಡು ಹೆಣ್ಣು ಕುದುರೆ ಸಾಕಿಕೊಂಡು ಮದುಮಗನ ಮೆರವಣಿಗೆಗೆ ಕೊಡುತ್ತಿದ್ದಳು. ಅವತ್ತು ಬಿಳಿ ಕುದುರೆಯ ಮೇಲೆ ಮದುಮಗ ಕುಳಿತು ಬರುತ್ತಿದ್ದಾನೆ, ಮುಂದೆ ಬ್ಯಾಂಡು. ಎದುರಿನಿಂದ ಯಾರದೋ ಟಾಂಗಾದ ಗಂಡು ಕುದುರೆ ಬಂತು. ಬಿಳಿ ಕುದುರೆ ನಿಂತೇಬಿಟ್ಟಿತು. ಬಾಲ ಎತ್ತಿ ಪಕ್ಕಕ್ಕೆ ಹಾಕಿ, ಹಿಂಗಾಲು ಅಗಲಿಸಿ, ಕುಕ್ಕರಗಾಲಿನಂತೆ ಕೆಳಗಾಗಿ ಉಚ್ಚೆ ಹೊಯ್ಯತೊಡಗಿತು. ಮದುಮಗ ಹಿಂದಕ್ಕೆ ಜಾರುತ್ತ ಜೀನು ಹಿಡಿದುಕೊಂಡ. ಬೀಗರೆಲ್ಲ "ಹಚಾ, ಹಚಾ" ಎಂದು ಕುದುರೆಯನ್ನು ಎಳೆಯುತ್ತಿದ್ದರು. ನಾನೂ ಸಾಹೇಬರೂ ಆ ಮದುವೆಗೆ ಹೋದವರು ರಸ್ತೆಬದಿಯಲ್ಲಿ ನಿಂತಿದ್ದೆವು. ಸಾಹೇಬರು ಎರಡೂ ಕೈ ಎತ್ತಿ ಬ್ಯಾಂಡು ನಿಲ್ಲಿಸಿದರು.

"ಹುಡುಗನ್ನ ಇಳಸ್ರಿ. ಆಕೀಗೆ ಇವತ್ತ ಬ್ಯಾರೆ ಕಾರ್ಯಕ್ರಮ ಅದ."

ಮದುಮಗ ಉಳಿದ ದಾರಿಯನ್ನು ನಡೆದುಕೊಂಡು ಹೋದ. ಗಂಗವ್ವ ಸಾಹೇಬರ ಹತ್ತಿರ ಬಂದು ನಿಂತಳು. ಅವಳಿಗೆ ಸಿಟ್ಟು ಬಂದಿರಬೇಕು ಎಂದುಕೊಂಡೆ. ಆದರೆ ಅವಳು ಕೇಳಿದ್ದು ಬೇರೆ.

"ಬೆದಿಗಿ ಬರತೈತಿ ಅಂದ್ರ ಬಂಜಿ ಅಲ್ಲ ಅಂದಂಗಾತಲ್ರಿ?"

ಸಂಗತಿ ಹೀಗಿತ್ತು. ಗಬ್ಬೂರಿನಲ್ಲಿ, ಬೈಪಾಸ್ ರಸ್ತೆಗೆ ಹೊಂದಿ ಹೊಲ ಇರುವ ಗೌಡರೊಬ್ಬರು ಒಂದು ಗಂಡು ಕುದುರೆ ಸಾಕಿದ್ದರು. ಅದರ ಹೆಸರು ಸರದಾರ. ಗಂಗವ್ವ ಎರಡು ವರ್ಷದಿಂದ ತನ್ನ ಬಿಳಿ ಕುದುರೆಯನ್ನು ಅಲ್ಲಿಗೆ ಒಯ್ಯುತ್ತಿದ್ದಳು. ಗಬ್ಬ ನಿಂತಿರಲಿಲ್ಲ. ಗೌಡರು ಕುದುರೆ ಬಂಜೆ ಎಂದು ಹೇಳಿಬಿಟ್ಟಿದ್ದರು. ಗೌಡರ ಮಾತು ಊರೆಲ್ಲ ಹಬ್ಬಿ, ಮದುವೆ ಮನೆಯವರು ಬಂಜೆ ಕುದುರೆಯ ಮೇಲೆ ಮದುಮಗನನ್ನು ಕೂಡಿಸುವುದು ಹೇಗೆ ಎಂದು ಅನುಮಾನಿಸತೊಡಗಿದ್ದರು. ಅವಳು ಆ ಕುದುರೆಯನ್ನು ಮಾರುವ ವಿಚಾರದಲ್ಲಿದ್ದಳು. ಮರಿಯಿದ್ದಾಗಿನಿಂದ ಸಾಕಿದ್ದು.

ಮಾರನೆಯ ದಿನ ಸಾಹೇಬರು ಕುದುರೆಯನ್ನು ನೋಡಿದರು, ನನಗೂ ನೋಡಲು ಹೇಳಿದರು. ಎಲ್ಲ ಸರಿಯಿತ್ತು. ಅಂಡಾಶಯದ ಮೇಲೆ ತತ್ತಿ ಬಿಡುವ ಗುಳ್ಳೆ ಸಣ್ಣ ನಿಂಬೆಹಣ್ಣಿನಷ್ಟು ಕೈಗೆ ಸಿಕ್ಕಿತು. ಸಾಹೇಬರು ಗಂಗವ್ವನನ್ನು ಕೇಳಿದರು:

"ಗೌಡರ ಸರದಾರನ ಹತ್ರ ಮತ್ತ ಯಾರ್ಯಾರ ಕುದುರಿ ಹೋಗ್ಯಾವ?"

"ಇನ್ನೆರಡು ಹೋಗ್ಯಾವ್ರಿ. ಅವೂ ನಿಂತಿಲ್ಲ. ಅವೂ ಬಂಜಿ ಅಂತ ಹೇಳ್ಯಾರ ಗೌಡ್ರು."

"ಅಂದ್ರ ಹೆಣ್ಣು ಮೂರು, ಗಂಡು ಒಂದು. ಮೂರಕ್ಕ ಮೂರೂ ಬಂಜಿ, ಒಂದ ಸರಿ ಅದ. ಗೌಡರಿಗೆ ಲೆಕ್ಕ ಯಾರು ಕಲಿಸ್ಯಾರ?"

ಇದರಲ್ಲಿ ಸಾಹೇಬರಿಗೆ ಒಂದು ನೇಮವಿತ್ತು. ಆಕಳಾಗಲಿ ಕುದುರೆಯಾಗಲಿ, ಗಬ್ಬ ನಿಲ್ಲಲಿಲ್ಲ ಅಂದರೆ ಮೊದಲು ಗಂಡಿನದು ಪರೀಕ್ಷೆ ಮಾಡಬೇಕು. "ಅದು ಭಾಳ ಸೋವಿ, ಸರಳ. ಹೆಣ್ಣಿಂದು ಎಲ್ಲಾ ಒಳಗದ, ಹುಡುಕಬೇಕು. ಗಂಡಿಂದು ಹೊರಗ ಜೋತು ಬಿದ್ದದ. ಅದನ್ನ ಬಿಟ್ಟು ಒಳಗ ಹುಡುಕ್ಲಿಕ್ಕೆ ಹೋಗ್ತಾರ, ಶಾಣ್ಯಾರು."

ಗೌಡರಿಗೆ ಅರವತ್ತು ದಾಟಿತ್ತು. ಮರ್ಯಾದಸ್ಥರು. ಸರದಾರನನ್ನು ಊರವರ ಕುದುರೆಗಳಿಗೆ ಪುಕ್ಕಟೆ ಬಿಡುತ್ತಿದ್ದರು, ಅದು ಅವರಿಗೆ ಗೌರವದ ಕೆಲಸ. ಅವರ ಪಡಸಾಲೆಯಲ್ಲಿ ಸರದಾರನ ಫೋಟೋ ಇತ್ತು, ಗೌಡರ ತಂದೆಯ ಫೋಟೋಕ್ಕಿಂತ ದೊಡ್ಡದು. ಪರೀಕ್ಷೆಯ ಮಾತು ತೆಗೆದ ಕೂಡಲೆ ಅವರು ನಕ್ಕರು.

"ಸಾಹೇಬ್ರ, ನೀವು ಅವನ್ನ ನೋಡಿಲ್ಲ. ಹೆಣ್ಣಿನ ವಾಸನಿ ಹತ್ತಿದ್ರ ಸಾಕು, ಗ್ವಾಡಿ ಹಾರತಾನ."

"ಹಾರೂದು ಬ್ಯಾರೆ, ಹುಟ್ಟಸೂದು ಬ್ಯಾರೆ ಗೌಡ್ರ."

"ನೋಡ್ರಿ ಹಂಗಾರ. ಏನ್ ನೋಡ್ತೀರೋ ನೋಡ್ರಿ" ಎಂದರು ಗೌಡರು. ಒಪ್ಪಿಗೆಗಿಂತ ಹೆಚ್ಚಾಗಿ ಅದು ಸವಾಲಿನಂತಿತ್ತು.

ಹಾಗೆ ಒಂದು ಬೆಳಿಗ್ಗೆ ನಾವು ಮೈಕ್ರೋಸ್ಕೋಪು ಹೊತ್ತುಕೊಂಡು ಗಬ್ಬೂರಿಗೆ ಹೋದೆವು. ಅದನ್ನು ಗೌಡರ ಪಡಸಾಲೆಯ ಮೇಜಿನ ಮೇಲೆ ಇಟ್ಟೆ. ಬಿಸಿನೀರಿನ ಚರಿಗೆಯ ಮುಚ್ಚಳದ ಮೇಲೆ ಗಾಜಿನ ಪಟ್ಟಿಗಳನ್ನು ಬೆಚ್ಚಗೆ ಇಟ್ಟೆ. ಗಂಗವ್ವ ಬಿಳಿ ಕುದುರೆಯ ಬಾಲಕ್ಕೆ ಬಟ್ಟೆ ಸುತ್ತಿ, ಮೋರೆಯ ಬಳಿ ನಿಂತಳು. ಸಾಹೇಬರು ಒಂದು ಗಾಜಿನ ಬಟ್ಟಲನ್ನು ಬಗಲಲ್ಲಿ ಅವುಚಿಕೊಂಡು ನಿಂತರು. ಮೈಯ ಬಿಸಿ ಇರಬೇಕು, ತಣ್ಣನೆಯ ಗಾಜು ತಗಲಿದರೆ ಬದುಕಿದ್ದ ಹುಳವೂ ಸಾಯುತ್ತದೆ. ಕುದುರೆಯ ವೀರ್ಯ ಹಿಡಿಯಲು ಬೇರೆ ಸಾಧನ ಇದೆ, ನಮ್ಮ ಹತ್ತಿರ ಇರಲಿಲ್ಲ. ಗಂಡು ಕೆಳಗಿಳಿಯುವಾಗ ತೊಟ್ಟಿಕ್ಕುವ ನಾಲ್ಕು ಹನಿ ಹಿಡಿಯುವುದೇ ನಮ್ಮ ಉಪಾಯ.

ಸರದಾರ ಬಂದ. ಕೆಂಪು ಮೈ, ಹಣೆಯ ಮೇಲೆ ಬಿಳಿ ಪಟ್ಟಿ. ನೋಡಲು ನಿಜಕ್ಕೂ ಸರದಾರನೇ. ಮೂಸಿದ, ತುಟಿ ಮಡಚಿದ, ಕೆನೆದ. ಕುದುರೆ ಬಾಲ ಸರಿಸಿ ನಿಂತಿತು. ಅವನು ಏರಿದ.

"ಬಾಲ ನೋಡವಾ" ಎಂದರು ಸಾಹೇಬರು ನನಗೆ. "ಪಂಪ ಹೊಡದಂಗ ಮ್ಯಾಲ ಕೆಳಗ ಆಡಿದ್ರ ಬಿಟ್ಟಾನಂತ ತಿಳಿ."

ಬಾಲ ಐದು ಸಲ ಮೇಲೆ ಕೆಳಗೆ ಆಡಿತು. ಇಡೀ ವ್ಯವಹಾರ ಒಂದು ನಿಮಿಷವೂ ಹಿಡಿಯಲಿಲ್ಲ. ಅವನು ಇಳಿಯುತ್ತಲೇ ಸಾಹೇಬರು ಬಗಲಿನ ಬಟ್ಟಲು ತೆಗೆದು ಅವನ ಹೊಟ್ಟೆಯ ಕೆಳಗೆ ನುಗ್ಗಿದರು. ಸರದಾರ ಭುಜದಿಂದ ಒಂದು ದೂಡು ಕೊಟ್ಟ. ಸಾಹೇಬರ ಚಷ್ಮಾ ಒಂದು ಕಡೆ, ಅವರು ಒಂದು ಕಡೆ ಬಿದ್ದರು. ಬಟ್ಟಲು ಹಿಡಿದ ಕೈ ಮಾತ್ರ ನೆಟ್ಟಗೆ ಮೇಲಿತ್ತು. ಅದನ್ನು ನನಗೆ ಕೊಟ್ಟು, "ಓಡು" ಎಂದರು.

ನಾನು ಮೊದಲು ನೋಡಿದೆ. ಆಮೇಲೆ ಚಷ್ಮಾ ಒರೆಸಿಕೊಳ್ಳುತ್ತ ಬಂದ ಅವರು ನೋಡಿದರು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ನಾವು ಜೊತೆಗೆ ತಂದಿದ್ದ ಶೀತದ ಡಬ್ಬಿಯಲ್ಲಿ ಆಕಳಿಗೆ ಕೊಡುವ ಹೋರಿಯ ವೀರ್ಯದ ಕಡ್ಡಿಗಳಿದ್ದವು. ಒಂದನ್ನು ಬೆಚ್ಚಗೆ ಮಾಡಿ ಇನ್ನೊಂದು ಪಟ್ಟಿಯ ಮೇಲೆ ಹನಿ ಹಾಕಿದರು. ಗೌಡರನ್ನು ಕರೆದು ಕೂಡಿಸಿದರು.

"ಇದು ಹೋರೀದು. ನೋಡ್ರಿ."

ಗೌಡರು ಒಂದು ಕಣ್ಣು ಮುಚ್ಚಿ ಬಗ್ಗಿದರು. "ಅಬ್ಬಾ. ಸಂತಿ ಕೂಡಿದಂಗ ಕೂಡ್ಯಾವಲ್ರಿ."

"ಹೌದಲ್ಲ. ಇನ್ನ ಇದನ್ನ ನೋಡ್ರಿ. ಇದು ನಿಮ್ಮ ಸರದಾರಂದು."

ಗೌಡರು ನೋಡಿದರು. ಕಣ್ಣು ತೆಗೆದು, ಧೋತರದ ಚುಂಗಿನಿಂದ ಮೈಕ್ರೋಸ್ಕೋಪಿನ ಕಾಚು ಒರೆಸಿದರು. ಮತ್ತೆ ನೋಡಿದರು.

"ಏನೂ ಓಡಾಡವಲ್ಲದು."

"ಹೌದ್ರಿ."

"ಅಲ್ಲೊಂದು ಇಲ್ಲೊಂದು ಬಿದ್ದಾವು. ಬಾಲ ಇಲ್ಲ ಅವಕ್ಕ."

"ಹೌದ್ರಿ ಗೌಡ್ರ."

ಅವತ್ತು ಸಾಹೇಬರು ಒಂದೂ ಚೇಷ್ಟೆ ಮಾಡಲಿಲ್ಲ. ಸರದಾರನಿಗೆ ಜ್ವರ ಬಂದಿತ್ತೇ, ಪೆಟ್ಟು ಬಿದ್ದಿತ್ತೇ ಎಂದು ಕೇಳಿದರು. ಗೌಡರು ನೆನಪಿಸಿಕೊಂಡರು. ಮೂರು ವರ್ಷದ ಹಿಂದೆ ಒಂದು ಕುದುರೆ ಹಿಂಗಾಲಿನ ನಡುವೆ ಒದ್ದಿತ್ತು, ಬಾತುಕೊಂಡಿತ್ತು, ಅರಿಶಿಣ ಹಚ್ಚಿದ್ದರು. ಸಾಹೇಬರು ತಲೆಯಾಡಿಸಿದರು. ಆದರೂ ಒಂದೇ ಸಲ ನೋಡಿ ತೀರ್ಪು ಕೊಡಬಾರದು, ಹೊಸ ವೀರ್ಯ ಹುಟ್ಟಿ ಬಲಿಯಲು ಎರಡು ತಿಂಗಳು ಬೇಕು, ಅಷ್ಟು ದಿನ ಬಿಟ್ಟು ಮತ್ತೆ ನೋಡೋಣ ಎಂದರು. ಎರಡು ತಿಂಗಳ ಮೇಲೆ ಮತ್ತೆ ಹೋದೆವು. ಮತ್ತೆ ಬಟ್ಟಲು, ಮತ್ತೆ ಓಟ. ಏನೂ ಬದಲಾಗಿರಲಿಲ್ಲ.

ವರದಿಯಲ್ಲಿ ಏನು ಬರೆಯಲಿ ಎಂದು ಕೇಳಿದೆ. ಗೌಡರ ಮೋರೆ ನೋಡಿ ನನಗೆ "ಕಡಿಮೆ" ಎಂದು ಬರೆಯುವ ಮನಸ್ಸಾಗಿತ್ತು. "ಕಂಡದ್ದನ್ನ ಬರಿ" ಎಂದರು ಸಾಹೇಬರು. "ಕಾಗದದ ಮ್ಯಾಲೆ ದಯಾ ತೋರಿಸಿದ್ರ ಆ ಮೂರು ಹೆಣ್ಣು ಬಂಜಿ ಆಗೇ ಉಳೀತಾವ."

ಸುದ್ದಿ ಗಬ್ಬೂರು ದಾಟಿತು. ಯಾರು ಹೇಳಿದರೋ, ಗೌಡರ ಆಳುಮಗನೇ ಇರಬೇಕು. ಚಹಾದಂಗಡಿಯಲ್ಲಿ ಗೌಡರನ್ನು ಕಂಡರೆ ಜನ ಕುದುರೆಯ ಆರೋಗ್ಯ ವಿಚಾರಿಸತೊಡಗಿದರು. ಗೌಡರು ಮನೆ ಬಿಟ್ಟು ಹೊರಗೆ ಬರುವುದನ್ನು ನಿಲ್ಲಿಸಿದರು. ಪಡಸಾಲೆಯ ಫೋಟೋ ಇಳಿಯಿತು. ಸರದಾರನನ್ನು ಯಾರಿಗಾದರೂ ಕೊಟ್ಟುಬಿಡಿ, ಕಣ್ಣ ಮುಂದೆ ಬೇಡ ಎಂದರಂತೆ. ಇದನ್ನೆಲ್ಲ ತಿಳಿಸಿದವಳು ಗಂಗವ್ವ. "ನನ್ನ ಕುದುರಿ ಉಳೀತು ಖರೇ. ಆದ್ರ ಗೌಡ್ರು ಉಣ್ಣವಲ್ರಂತ್ರಿ" ಎಂದು ಅವಳೇ ಕಳವಳಪಟ್ಟಳು.

ಸಾಹೇಬರು ಮಧ್ಯಾಹ್ನದ ಊಟದ ಡಬ್ಬಿ ಮುಚ್ಚಿ ಎದ್ದರು. ನನ್ನ ಸ್ಕೂಟರಿನ ಹಿಂದೆ ಕುಳಿತರು. "ನಡಿ ಗಬ್ಬೂರಿಗೆ" ಎಂದರು.

ಗೌಡರು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದರು. ನಮ್ಮನ್ನು ನೋಡಿ ಎದ್ದು ನಿಂತರು, ಕೂಡಿರಿ ಎಂದರು, ಮತ್ತೆ ಕುಳಿತರು.

"ಆರು ವರ್ಷ ಆತ್ರಿ" ಎಂದರು. "ಊರ ಮುಂದ ಅವನ ಹೆಸರಲೇ ಮೀಸಿ ತಿರುವೇನಿ. ಮೂರು ಮಂದಿ ಕುದುರಿಗಿ ಬಂಜಿ ಅಂದೇನಿ. ಇನ್ನ ಯಾವ ಮಾರಿ ತಗೊಂಡು ತಿರಗ್ಲಿ?"

"ಗೌಡ್ರ, ನನಗ ಮಕ್ಕಳಿಲ್ಲ. ನಿಮಗ ಗೊತ್ತದಲ್ಲ?"

ಗೌಡರಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಅದರ ಬಗ್ಗೆ ಸಾಹೇಬರು ಮಾತಾಡಿದ್ದನ್ನು ಮಾತ್ರ ನಾನು ಅದುವರೆಗೆ ಕೇಳಿರಲಿಲ್ಲ.

"ನಮ್ಮ ಮನ್ಯಾಗ ಅಣ್ಣನ ಮಗನ ಮುಂಜಿವಿ ಇತ್ತು. ನನ್ನ ಮದುವಿಯಾಗಿ ಎಂಟ ವರ್ಷ ಆಗಿತ್ತು. ಪಂಕ್ತಿ ಕೂತದ. ನನ್ನ ಹೇಣ್ತಿ ಬಡಸ್ಲಿಕ್ಕತ್ತಾಳ. ನಮ್ಮ ಅತ್ಯಾ, ಕಾಕು, ಎಲ್ಲಾರೂ ಸುರು ಮಾಡಿದ್ರು, ನಾಗಪ್ಪನ್ನ ಪ್ರತಿಷ್ಠಾ ಮಾಡಸಬೇಕು, ಆಕೀ ಜಾತಕದಾಗ ದೋಷ ಅದ, ಇನ್ನೊಂದು ಹೆಣ್ಣು ನೋಡಿದ್ರ ತಪ್ಪೇನದ, ಅಂತ. ಆಕಿ ಕೇಳಕೋತ ನೀಡ್ಲಿಕ್ಕತ್ತಾಳ. ನಾ ಹೋಳಿಗಿ ಮುರಕೋತ ಹೇಳಿದೆ, ನಾಗಪ್ಪಗ ಯಾಕ ಸುಳ್ಳ ತ್ರಾಸ ಕೊಡ್ತೀರಿ, ಕುದುರೀದು ನೋಡೂ ಕಾಚಿನ್ಯಾಗ ನಾ ನಂದೂ ನೋಡೇನಿ, ಒಂದೂ ಹುಳ ಇಲ್ಲ ಅಂತ."

ಗೌಡರು ಕಂಬ ಬಿಟ್ಟು ನೆಟ್ಟಗೆ ಕುಳಿತರು. ನಾನು ಎಲ್ಲಿ ನೋಡಬೇಕೋ ತಿಳಿಯದೆ ನನ್ನ ಚಪ್ಪಲಿ ನೋಡಿದೆ.

"ಪಂಕ್ತ್ಯಾಗ ಹೇಳಿದ್ರಿ?"

"ಪಂಕ್ತ್ಯಾಗ. ಭಟ್ಟರೂ ಇದ್ರು."

"ನಿಮ್ಮ ತಾಯಾರು ಏನಂದ್ರು?"

"ಇವಗ ಮಜ್ಜಿಗಿ ನೀಡ್ರಿ ಅಂದ್ರು."

ಗೌಡರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ, ಆಮೇಲೆ ನಗು ಹೊರಬಿತ್ತು. ಒಳಗಿನಿಂದ ಗೌಡತಿ ಬಾಗಿಲಿಗೆ ಬಂದು ಇಣುಕಿದರು. ಎಷ್ಟೋ ದಿನದ ಮೇಲೆ ಗಂಡ ನಕ್ಕಿದ್ದನ್ನು ನೋಡಿ ಕಾರಣ ಕೇಳದೆ ಒಳಗೆ ಹೋಗಿ ಚಹಾಕ್ಕಿಟ್ಟರು.

"ಈಗ ಸರದಾರನ ಮಾತು" ಎಂದರು ಸಾಹೇಬರು. "ಅವಗ ಇನ್ನ ಮ್ಯಾಲ ಖರೇ ನೌಕರಿ ಅದ."

ಆ ನೌಕರಿ ಏನೆಂದರೆ, ಹೆಣ್ಣು ಕುದುರೆ ಬೆದೆಗೆ ಬಂದಿದೆಯೋ ಇಲ್ಲವೋ ಮನುಷ್ಯರ ಕಣ್ಣಿಗೆ ಎಷ್ಟೋ ಸಲ ತಿಳಿಯುವುದಿಲ್ಲ. ಒಂದು ಗಂಡನ್ನು ಬೇಲಿಯ ಆಚೆ ತಂದು ನಿಲ್ಲಿಸಿದರೆ ಅದೇ ಹೇಳುತ್ತದೆ. ಇದಕ್ಕೆ ಆಸೆ ಪೂರ್ತಿ ಇರುವ, ಅಕಸ್ಮಾತ್ ಬೇಲಿ ಹಾರಿದರೂ ಬಸಿರು ಮಾಡದ ಗಂಡು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ. "ದೊಡ್ಡ ದೊಡ್ಡ ಕುದುರಿ ಸಾಕೂ ಮಂದಿ ಇಂಥಾವನ್ನ ಹುಡುಕಿ ಇಟಗೋತಾರ. ನಿಮಗ ಮನ್ಯಾಗ ಸಿಕ್ಕಾನ."

ಗೌಡರು ವಿಚಾರ ಮಾಡಿದರು. "ಅಂದ್ರ ನೋಡೂದಷ್ಟ ಅವನ ಕೆಲಸ. ಕಾರ್ಯ ಬ್ಯಾರೇದವಂದು."

"ಹೌದು. ಪುರೋಹಿತರ ಕೆಲಸ ಇದ್ದಂಗ."

ಮುಂದಿನ ಬೇಸಿಗೆಯಲ್ಲಿ ಸರದಾರ ಗೋಪನಕೊಪ್ಪಕ್ಕೆ ಬಂದು ಗಂಗವ್ವನ ಬೇಲಿಯ ಆಚೆ ನಿಂತು ಕೆನೆದ. ಬಿಳಿ ಕುದುರೆ ಬಾಲ ಎತ್ತಿತು. ಮೂರನೆಯ ದಿನ ನವಲಗುಂದದ ಕಡೆಯಿಂದ ತರಿಸಿದ ಒಂದು ಗಿಡ್ಡ, ಬೂದಿಬಣ್ಣದ, ಕಿವಿ ಹರಿದ ಗಂಡು ಬಂದು ಮಿಕ್ಕಿದ್ದನ್ನು ಮುಗಿಸಿತು. ಅದು ಎಷ್ಟು ಗಿಡ್ಡ ಇತ್ತೆಂದರೆ ನಾವು ಕುದುರೆಯನ್ನು ತಗ್ಗಿನಲ್ಲಿ ನಿಲ್ಲಿಸಬೇಕಾಯಿತು. ತಗ್ಗು ತೋಡಿದವರು ಗೌಡರ ಆಳುಗಳು. ಹನ್ನೊಂದು ತಿಂಗಳಿಗೆ ಮರಿಯಾಯಿತು. ಬಿಳಿ ಕುದುರೆ ಹೊತ್ತೇರಿದ ಮೇಲೆ, ಎಲ್ಲರೆದುರು, ಯಾರ ಸಹಾಯವೂ ಇಲ್ಲದೆ ಹೆತ್ತಿತು. ಮರಿ ಒಂದು ತಾಸಿನೊಳಗೆ ಎದ್ದು ನಿಂತಿತು. ಸಾಹೇಬರು ಮೊಲೆ ತೋರಿಸಲು ಹೋಗಿ ಒದೆ ತಿಂದರು. ಗೌಡತಿ, ಗಂಡನಿಲ್ಲದವಳು ಎನ್ನುವುದನ್ನೂ ನೋಡದೆ, ಗಂಗವ್ವನಿಗೆ ಉಡಿ ತುಂಬಿದರು. ಗೌಡರು ಪೇಢೆ ಹಂಚುತ್ತ, ತಾವು ಮರಿಗೆ ಏನಾಗಬೇಕು ಎಂದು ಸಾಹೇಬರನ್ನೇ ಕೇಳಿದರು. "ಹೆಣ್ಣು ತೋರಿಸಿದ ಮಧ್ಯಸ್ಥರು" ಎಂದರು ಅವರು.

ಆಮೇಲೆ ಸಾಹೇಬರು ನಿವೃತ್ತರಾದರು. ಫೋನು ಮಾಡಿದರೆ ಮೊದಲು ಕೇಳುತ್ತಿದ್ದುದು ನನ್ನ ಕ್ಷೇಮವಲ್ಲ, ಈ ವರ್ಷ ಯಾವ ಯಾವ ಕುದುರೆ ಗಬ್ಬ ಅನ್ನುವುದು. ಒಮ್ಮೆ ನನ್ನ ಗಂಡ ಫೋನು ಎತ್ತಿ, ಆ ಪ್ರಶ್ನೆ ಕೇಳಿ, ಬೆಪ್ಪಾಗಿ ನನಗೆ ಕೊಟ್ಟಿದ್ದ.

ಎಮ್ಮೆಯ ಯಜಮಾನನ ಹಿತ್ತಲಿಂದ ನಾನು ನೇರ ಧಾರವಾಡಕ್ಕೆ ಹೋದೆ. ನಾನು ಮುಟ್ಟುವ ಹೊತ್ತಿಗೆ ದಹನ ಮುಗಿದಿತ್ತು. ನಾಲ್ಕು ದಿನ ಬಿಟ್ಟು ಮತ್ತೆ ಹೋದಾಗ ವೈನಿ ಒಬ್ಬರೇ ನಡುಮನೆಯಲ್ಲಿ ಕುಳಿತಿದ್ದರು. ಸಾಹೇಬರ ಹೆಂಡತಿಯನ್ನು ನಾನು ವೈನಿ ಎಂದೇ ಕರೆಯುವುದು. ಅವರ ಅತ್ತೆ, ಸಾಹೇಬರ ತಾಯಿ, ತೀರಿಕೊಂಡು ಎರಡು ವರ್ಷವಾಗಿತ್ತು. ಏನಾದರೂ ಮಾತಾಡಬೇಕಲ್ಲ ಎಂದು ಗಬ್ಬೂರಿನ ಗೌಡರ ಕಥೆ ತೆಗೆದೆ. ಮುಂಜಿವೆಯ ಪಂಕ್ತಿಯಲ್ಲಿ ಸಾಹೇಬರು ಹೇಳಿದ ಮಾತನ್ನು ಅವರು ಗೌಡರಿಗೂ ಹೇಳಿ ನಗಿಸಿದ್ದರು, ಎಂಥ ಧೈರ್ಯ, ಎಂದೆ.

"ಸುಳ್ಳದು" ಎಂದರು ವೈನಿ.

"ಪಂಕ್ತ್ಯಾಗ ಹೇಳಲೇ ಇಲ್ಲೇನ್ರಿ?" ಎಂದೆ.

"ಪಂಕ್ತ್ಯಾಗ ಹೇಳಿದ್ದು ಖರೇ. ಹೇಳಿದ ಮಾತು ಸುಳ್ಳು. ಅವರದು ಛಲೋನ ಇತ್ತು. ಮದುವಿಯಾಗಿ ಮೂರನೇ ವರ್ಷ ದವಾಖಾನಿಗೆ ಕರಕೊಂಡು ಹೋಗಿ ನನಗ ತೋ‍ರಿಸ್ಯಾರ. ಇರವಿ ಗೂಡು ಕೆದರಿದಂಗ ಇತ್ತು. ತೊಂದರಿ ನಂದಿತ್ತು. ಸಣ್ಣಾಕಿದ್ದಾಗ ಟಿ.ಬಿ. ಆಗಿತ್ತು ನನಗ, ಒಳಗಿನ ನಳಿಗಿ ಮುಚ್ಚಿಬಿಟ್ಟಿದ್ವು. ಡಾಕ್ಟರು ಇಬ್ರನ್ನೂ ಕೂಡಿಸಿ ಹೇಳಿದ್ರು."

"ಮತ್ತ ನೀವು ಸುಮ್ನಿದ್ರಿ?"

"ಎಲ್ಲಿ ಸುಮ್ನಿದ್ದೆ? ಊಟ ಆದ ಮ್ಯಾಲ ಹಿತ್ತಲದಾಗ ಕರದು ಜಗಳಾಡಿದೆ. ಅವರು ಕೈ ಒರಸ್ಕೋತ ಏನಂದ್ರು ಗೊತ್ತದ? ನಿನಗ ಅಂದ್ರ ದಿನಾ ಅಂತಾರ. ನನಗ ಅಂದ್ರ ಒಂದ ದಿನ ಅಂತಾರ, ಮರುದಿನದಿಂದ ಹಾಲು ಕೊಡ್ತಾರ, ಅಂದ್ರು."

ಹಾಗೆಯೇ ಆಯಿತಂತೆ. ಮರುದಿನದಿಂದಲೇ ಅವರ ತಾಯಿ ಬಾದಾಮಿ ಅರೆದು, ಅಶ್ವಗಂಧ ಹಾಕಿ, ದೊಡ್ಡ ಲೋಟ ಹಾಲು ಕಾಸಿ ಕೊಡತೊಡಗಿದರು. ಸಾಹೇಬರಿಗೆ ಹಾಲು ಕಂಡರೆ ವಾಕರಿಕೆ. ತಾಯಿ ಎದುರಿಗೆ ನಿಂತು ಕುಡಿಸುತ್ತಿದ್ದರು. ಮಗನಿಗೆ ಐವತ್ತೈದು ದಾಟುವ ತನಕ ಬಿಡಲಿಲ್ಲ.

"ಇಪ್ಪತ್ತೈದು ವರ್ಷ ಮೂಗು ಮುಚಕೊಂಡು ಕುಡದ್ರು" ಎಂದರು ವೈನಿ. ನಗುತ್ತಿದ್ದರೋ ಅಳುತ್ತಿದ್ದರೋ, ಎರಡೂ ಇದ್ದಿರಬೇಕು. "ಈಗ ಅತ್ತಿಯವರೂ ಇಲ್ಲ, ಅವರೂ ಇಲ್ಲ. ಯಾರ ಮುಂದ ಬೇಕಾದ್ರೂ ಹೇಳು. ಹೆಸರು ಮಾತ್ರ ಬ್ಯಾಡ."

ನಾನು ಹೊರಗೆ ಬಂದಾಗ ಜಗಲಿಯ ಮೇಲೆ ಗಬ್ಬೂರಿನ ಗೌಡರು ಕುಳಿತಿದ್ದರು. ಮಾತಾಡಿಸಲು ಬಂದವರು, ಒಳಗೆ ಹೆಣ್ಣುಮಕ್ಕಳಿದ್ದಾರೆ ಎಂದು ಹೊರಗೇ ಕಾದಿದ್ದರು. ಜೊತೆಗೆ ಮೂವತ್ತರ ಒಬ್ಬ ಇದ್ದ, ಅಮರಗೋಳದಲ್ಲಿ ಹತ್ತಿ ವ್ಯಾಪಾರ ಮಾಡುವವನು, ಗೌಡರ ತಂಗಿಯ ಮಗ.

"ಛಲೋ ಆತು ನೀವು ಸಿಕ್ಕದ್ದು ಡಾಕ್ಟರವ್ವಾ" ಎಂದರು ಗೌಡರು. ದನಿ ತಗ್ಗಿಸಿದರು. "ಇವನ ಮದುವಿಯಾಗಿ ನಾಕ ವರ್ಷ ಆತು. ಮಕ್ಕಳಿಲ್ಲ ಅಂತ ಹುಡುಗೀನ ತವರಿಗಿ ಕಳಸೂ ಮಾತು ನಡಸ್ಯಾರ ನಮ್ಮ ತಂಗಿ ಮನ್ಯಾಗ. ಮೊದಲ ನಿಂದು ತೋರಸ್ಲೇ ಅಂದ್ರ ಮಾನಾ ಹೋಗತೈತಿ ಅಂತಾನ. ಅಷ್ಟು ದೊಡ್ಡ ಸಾಹೇಬ್ರು ತಮ್ಮದ ತಾವ ನೋಡಿ ಮಂದಿ ಮುಂದ ಹೇಳಿದ್ರು ಅಂದ್ರ, ಇವ ನಂಬವಲ್ಲ. ನೀವರ ಹೇಳ್ರಿ. ಸಾಹೇಬ್ರದು ನಮ್ಮ ಸರದಾರನ ಗತೀನ ಇತ್ತಲ್ಲ?"

ಆ ಹುಡುಗ ನನ್ನ ಮೋರೆ ನೋಡಲಾರದೆ ಜಗಲಿಯ ಕಲ್ಲು ಕೆರೆಯುತ್ತಿದ್ದ. ಒಳಗೆ ವೈನಿ ನೀರು ತುಂಬುತ್ತಿದ್ದ ಸಪ್ಪಳ ಕೇಳುತ್ತಿತ್ತು.

"ಹೌದ್ರಿ" ಎಂದೆ. "ನಾನ ನೋಡೇನಿ ಅವರ ಸ್ಲೈಡು. ಒಂದೂ ಇರಲಿಲ್ಲ."

ಹುಡುಗ ಮೊದಲ ಸಲ ಕತ್ತೆತ್ತಿದ.

"ನೋವಾಗತೈತೇನ್ರಿ ಮೇಡಂ?"

"ಇಲ್ಲ" ಎಂದೆ. "ಒಂದು ನಿಮಿಷಾನೂ ಹಿಡ್ಯೂದಿಲ್ಲ."

ಅವನು ಕಿಸೆಯಿಂದ ಫೋನು ತೆಗೆದು, ಎಲ್ಲಿ ಹೋಗಬೇಕು, ಎಷ್ಟು ಗಂಟೆಗೆ, ಎಂದು ಕೇಳಿ ಬರೆದುಕೊಳ್ಳತೊಡಗಿದ.